‘ಆರು ತಿಂಗಳಲ್ಲಿ ಹೋಗುತ್ತೆ ಅಂತ ಹೇಳಿದ್ರಾಯ್ತು’

ಮುಖದ ಮಚ್ಚೆಯ ವಿಚಾರಕ್ಕೆ ನನ್ನಲ್ಲಿ ಸಲಹೆ ಕೇಳಲು ಬರುವವರು ಸಾಮಾನ್ಯವಾಗಿ ಒಂದು ಗಡುವು ಹೊತ್ತೇ ಬರುತ್ತಾರೆ. ಇಲ್ಲಿನ ಗಡುವು ಗಂಡಿನ ಕಡೆಯವರು ಬರುವ ದಿನ. ಯುವತಿಗೆ 26. ಬಲಗಣ್ಣಿನ ಸುತ್ತ, ಕೆನ್ನೆಯ ಮೇಲ್ಭಾಗದ ತನಕ ಬೂದು-ನೀಲಿ ಮಚ್ಚೆ. ಕಣ್ಣಿನ ಬಿಳಿಭಾಗದಲ್ಲೂ ನೀಲಿ ಛಾಯೆ. ಚರ್ಮವೈದ್ಯರು ಇದನ್ನು ‘ನೀವಸ್ ಆಫ್ ಓಟ’ ಎಂದು ಗುರುತಿಸಿದ್ದರು.

ತಾಯಿಯ ಚೀಲದಲ್ಲಿ ಸ್ಟೆರಾಯ್ಡ್ ಬೆರೆತ ಕ್ರೀಮಿನ ಮೂರು ಟ್ಯೂಬು, ತಳದಿಂದ ಸುರುಳಿ ಸುತ್ತಿ ಹಿಂಡಿದ್ದವು. ಈ ಮಚ್ಚೆಯ ಬಣ್ಣ ಒಳಚರ್ಮದಲ್ಲಿರುತ್ತದೆ, ಕ್ರೀಮು ಅಲ್ಲಿಗೆ ಮುಟ್ಟುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಮೇಲಿನ ಚರ್ಮ ತೆಳ್ಳಗಾಗುತ್ತದೆ, ಅಷ್ಟೇ. ‘ಬಸುರಿಯಲ್ಲಿ ಗ್ರಹಣದ ಹೊತ್ತು ಹೊರಗೆ ಬಂದಿದ್ದೆ’ ಎಂಬ ಕೊರಗೂ ಅವರಿಗಿತ್ತು. ಗ್ರಹಣಕ್ಕೂ ಇದಕ್ಕೂ ನಂಟಿಲ್ಲ. ಮಗಳಿಗೆ ಮಚ್ಚೆ ಕಾಣಿಸಿದ್ದು ಏಳನೇ ತರಗತಿಯಲ್ಲಿ; ಹರೆಯದಲ್ಲಿ ಹೀಗೆ ಕಾಣಿಸಿಕೊಳ್ಳುವುದು ಅಪರೂಪವಲ್ಲ.

ಎರಡನೇ ಭೇಟಿಯಲ್ಲಿ ಫೋಟೋ ವಿಷಯ ಹೊರಬಂತು. ಸಂಬಂಧಕ್ಕೆ ಕಳಿಸಿದ ಫೋಟೋದಲ್ಲಿ ಮಚ್ಚೆಯನ್ನು ಮೊಬೈಲಿನಲ್ಲೇ ಅಳಿಸಿದ್ದರು.

‘ಲೇಸರ್ ಮಾಡಿಸ್ತೀವಲ್ಲ ಮೇಡಂ. ಆರು ತಿಂಗಳಲ್ಲಿ ಹೋಗುತ್ತೆ ಅಂತ ಹೇಳಿದ್ರಾಯ್ತು.’

ಅಲ್ಲಿಯವರೆಗೆ ಕೇಳಿದ್ದಕ್ಕಷ್ಟೇ ಉತ್ತರಿಸುತ್ತಿದ್ದ ಮಗಳು ತಾನಾಗಿ ಬಾಯಿಬಿಟ್ಟಳು: ‘ಹೋಗ್ಲಿಲ್ಲ ಅಂದ್ರೆ ಯಾರನ್ನ ಬೈತಾರಮ್ಮ? ಲೇಸರನ್ನಂತೂ ಅಲ್ಲ.’

ಆ ಮಾತಿಗೆ ಸಮಾಧಾನ ಹೇಳಲಿಲ್ಲ, ಲೆಕ್ಕ ಹೇಳಿದೆ. 1064 ನ್ಯಾನೋಮೀಟರಿನ ಕ್ಯೂ-ಸ್ವಿಚ್ಡ್ ಲೇಸರ್, ಅಂದರೆ ತೀರಾ ಚುಟುಕಾದ, ತೀವ್ರ ಮಿಡಿತಗಳ ಬೆಳಕು, ಬಣ್ಣದ ಕಣಗಳನ್ನು ಒಡೆಯುತ್ತದೆ. ಒಡೆದ ಚೂರನ್ನು ದೇಹ ನಿಧಾನವಾಗಿ ಸಾಗಿಸುತ್ತದೆ. ಅದಕ್ಕೇ ಎರಡು ಸಿಟಿಂಗ್ ನಡುವೆ ಎರಡು-ಮೂರು ತಿಂಗಳ ಅಂತರ. ಆರು ಸಿಟಿಂಗ್ ಎಂದರೂ ಹತ್ತರಿಂದ ಹದಿನೈದು ತಿಂಗಳು ಬೇಕು. ಅವಸರಕ್ಕೆ ಬಿದ್ದು ಅಂತರ ತಗ್ಗಿಸಿದರೆ, ಶಕ್ತಿ ಏರಿಸಿದರೆ, ನಮ್ಮ ಗೋಧಿ-ಕಂದು ಚರ್ಮದಲ್ಲಿ ಕಪ್ಪು ಕಲೆಯೋ ಬಿಳಿ ಚುಕ್ಕೆಯೋ ಉಳಿಯುವ ಅಪಾಯ ಹೆಚ್ಚು. ಹೆಚ್ಚಿನವರಿಗೆ ಮಚ್ಚೆ ಚೆನ್ನಾಗಿಯೇ ತಿಳಿಯಾಗುತ್ತದೆ. ಕಣ್ಣೊಳಗಿನ ನೀಲಿಗೆ ಮಾತ್ರ ಚರ್ಮದ ಲೇಸರ್ ಅಲ್ಲ.

ಕೊಟ್ಟ ಸಲಹೆ: ಮೊದಲು ಕಣ್ಣಿನ ವೈದ್ಯರಲ್ಲಿ ಕಣ್ಣೊಳಗಿನ ಒತ್ತಡದ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ, ಏಕೆಂದರೆ ಇಂಥ ಮಚ್ಚೆಯವರಿಗೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಬರುವ ಸಾಧ್ಯತೆ ಹೆಚ್ಚು. ಲೇಸರಿಗೆ ಮುಂಚೆ ಅಂಚಿನಲ್ಲಿ ಸಣ್ಣ ಜಾಗದಲ್ಲಿ ಪರೀಕ್ಷೆ. ರೆಪ್ಪೆಯ ಮೇಲೆ ಮಾಡುವಾಗ ರೆಪ್ಪೆಯೊಳಗೆ ಲೋಹದ ಕವಚ ಇಡುತ್ತಾರೋ ಎಂದು ಕೇಳಿಯೇ ಒಪ್ಪಿಕೊಳ್ಳುವುದು. ಲೇಸರ್ ಆದ ಮೇಲೆ ಕಟ್ಟುವ ಹೊಪ್ಪಳೆ ಕೀಳಬಾರದು. ಬಿಸಿಲಿಗೆ ಹೋದರೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ. ಸಮಾರಂಭಕ್ಕೆ ಮರೆಮಾಡಲೇಬೇಕೆನಿಸಿದರೆ ನೀಲಿಯ ಮೇಲೆ ಮೊದಲು ಕಿತ್ತಳೆ ಛಾಯೆಯ ಕನ್ಸೀಲರ್ ತೆಳ್ಳಗೆ, ಅದರ ಮೇಲೆ ಚರ್ಮದ ಬಣ್ಣದ್ದು.

ಜೊತೆಗೆ, ಬೇರೆ ಫೋಟೋ ಕಳಿಸಿ ಅಂದೆ. ‘ಸಂಬಂಧ ಮುರಿಯೋ ಸಲಹೆ’ ಎಂದರು ತಾಯಿ. ಇರಬಹುದು. ‘ಇದ್ದ ಹಾಗೇ ಇರು’ ಎಂದು ಉಪದೇಶಿಸುವ ಪೈಕಿ ನಾನಲ್ಲ. ಚಿಕಿತ್ಸೆ ಬೇಕೆಂದರೆ ಧಾರಾಳವಾಗಿ ಮಾಡಿಸಲಿ. ಆದರೆ ಆರು ತಿಂಗಳ ಮಾತು ಕೊಟ್ಟು ಮದುವೆಯಾದ ಮೇಲೆ ಪ್ರತಿ ಸಿಟಿಂಗೂ ಅತ್ತೆಮನೆಯ ತಪಾಸಣೆಯಾಗುತ್ತದೆ.

ಮೂರನೇ ಭೇಟಿಗೆ ಅವಳೊಬ್ಬಳೇ ಬಂದಳು. ಕಿಟಕಿ ಬೆಳಕಿನಲ್ಲಿ ತೆಗೆಸಿದ ಹೊಸ ಫೋಟೋ ಮೊಬೈಲಿನಲ್ಲಿತ್ತು. ಇನ್ನೂ ಯಾರಿಗೂ ಕಳಿಸಿರಲಿಲ್ಲ.