ಬಂಗಾಳಿ ಮಾತಾಡುವ ಕುಟುಂಬ ದಾಸೋಹಕ್ಕೆ ಬಂದರೆ ಕೇಸ್ ಆಗುತ್ತಾ?

ಪ್ರಶ್ನೆ: ಬ್ಯಾಡಗಿ ಕಡೆಯ ಒಂದು ಸಣ್ಣ ಮಠದ ದಾಸೋಹ ಸಮಿತಿಯಲ್ಲಿದ್ದೇನೆ. ಸೆಂಟ್ರಿಂಗ್ ಕೆಲಸಕ್ಕೆ ಬಂದ ಒಂದು ಕುಟುಂಬವನ್ನು ಮೇಸ್ತ್ರಿ ಕೂಲಿ ಕೊಡದೆ ಬಿಟ್ಟುಹೋಗಿದ್ದಾನೆ. ಗಂಡ, ಹೆಂಡತಿ, ಎರಡು ಮಕ್ಕಳು. ದಿನಾ ಪ್ರಸಾದಕ್ಕೆ ಬರುತ್ತಾರೆ, ರಾತ್ರಿ ಯಾತ್ರಿ ನಿವಾಸದಲ್ಲಿ ಮಲಗುತ್ತಾರೆ. ಬಂಗಾಳಿ ಮಾತಾಡುತ್ತಾರೆ. ‘ಬಾಂಗ್ಲಾದವರು, ಮಠದ ಮೇಲೆ ಕೇಸ್ ಆಗುತ್ತೆ, ಹೊರಗೆ ಕಳಿಸಿ’ ಎಂದು ಕೆಲವು ಭಕ್ತರ ಒತ್ತಾಯ. ಏನು ಮಾಡಬೇಕು?

– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಮೊದಲು ಊಟದ ಮಾತು. ಹಾಕಿ, ನಿಲ್ಲಿಸಬೇಡಿ. ಹಸಿದವರಿಗೆ ಅನ್ನ ಬಡಿಸುವುದು ಅಪರಾಧ ಎನ್ನುವ ಕಾಯ್ದೆ ನಮ್ಮಲ್ಲಿಲ್ಲ. ಸಂವಿಧಾನದ 21ನೇ ವಿಧಿ ಪ್ರತಿ ವ್ಯಕ್ತಿಯ ಜೀವಕ್ಕೂ ರಕ್ಷಣೆ ಕೊಡುತ್ತದೆ, ಪ್ರಜೆಯಾಗಿರಲಿ, ಇಲ್ಲದಿರಲಿ. 1996ರಲ್ಲಿ, ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಪಂಕ್ತಿಯಲ್ಲಿ ಆಧಾರ್ ನೋಡಿ ಬಡಿಸುತ್ತಾರಾ? ಇಲ್ಲ ಅಲ್ವಾ?

ಇನ್ನು ಭಕ್ತರ ಅನುಮಾನ. ಪಶ್ಚಿಮ ಬಂಗಾಳ, ತ್ರಿಪುರಾ, ಅಸ್ಸಾಮಿನ ಬರಾಕ್ ಕಣಿವೆ, ಎಲ್ಲ ಕಡೆ ಬಂಗಾಳಿ ಮನೆಮಾತು. ಮಾಲ್ದಾ, ಮುರ್ಷಿದಾಬಾದ್‌ನಿಂದ ಕಟ್ಟಡ ಕೆಲಸಕ್ಕೆ ದೇಶದ ತುಂಬಾ ಜನ ಹೋಗುತ್ತಾರೆ. ಮಾತು ಕೇಳಿ ಪೌರತ್ವ ತೀರ್ಮಾನಿಸುವ ಅಧಿಕಾರ ಸಮಿತಿಗೂ ಇಲ್ಲ, ಭಕ್ತರಿಗೂ ಇಲ್ಲ. ಸುಮ್ನೆ ಅನುಮಾನದ ಮೇಲೆ ಮಕ್ಕಳನ್ನು ಬೀದಿಗೆ ತಳ್ಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಎಚ್ಚರ ಬೇಕಿರುವುದು ಮಲಗುವ ಜಾಗದ ವಿಷಯದಲ್ಲಿ. 1946ರ ಹಳೆಯ ವಿದೇಶಿಯರ ಕಾಯ್ದೆ ಈಗಿಲ್ಲ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು 24 ಗಂಟೆಯೊಳಗೆ ಮಾಹಿತಿ ಕೊಡಬೇಕು. ಲಾಡ್ಜ್‌ಗೆ ಇರುವ ಈ ನಿಯಮ ಧರ್ಮಶಾಲೆಗೂ ಉಂಟು. ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳುವುದು ಎಸ್‌ಪಿ ಕಚೇರಿ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದವರಿಗೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗೊತ್ತಿದ್ದೂ ಬಚ್ಚಿಟ್ಟರೆ, ‘ಇವರು ನಮ್ಮೂರವರೇ’ ಎಂದು ಸುಳ್ಳು ಪತ್ರ ಬರೆದುಕೊಟ್ಟರೆ ನೀವೂ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ಕರುಣೆಯಿಂದಲೇ ಇಂಥ ಪತ್ರ ಕೊಡುವವರಿದ್ದಾರೆ. ದಯವಿಟ್ಟು ಬೇಡ.

ಹಾಗಾಗಿ ಇವತ್ತೇ ಒಂದು ರಿಜಿಸ್ಟರ್ ಇಡಿ. ರಾತ್ರಿ ತಂಗುವ ಎಲ್ಲರ ಹೆಸರು, ಊರು, ಗುರುತಿನ ಚೀಟಿಯ ನಕಲು ಅದರಲ್ಲಿರಲಿ. ಬಂಗಾಳಿಯವರನ್ನಷ್ಟೇ ಕೇಳಬೇಡಿ, ಕಲಬುರಗಿಯಿಂದ ಬಂದವರನ್ನೂ ಕೇಳಿ.

ಅಮೆರಿಕದ ಟೂಸಾನ್ ನಗರದ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚ್ ಬೇರೆ ದಾರಿ ಹಿಡಿಯಿತು. ಎಲ್ ಸಾಲ್ವಡಾರ್, ಗ್ವಾಟೆಮಾಲಾದ ಹಿಂಸೆಗೆ ಹೆದರಿ ಓಡಿಬಂದವರಿಗೆ ಆಶ್ರಯ ಕೊಡುತ್ತೇವೆಂದು 1982ರಲ್ಲಿ ಬಹಿರಂಗವಾಗಿ ಸಾರಿತು, ಬ್ಯಾನರ್ ಕೂಡ ಕಟ್ಟಿತು. 1986ರಲ್ಲಿ ಪಾದ್ರಿ ಜಾನ್ ಫೈಫ್ ಸೇರಿ ಎಂಟು ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಜೈಲಾಗಲಿಲ್ಲ, ಪ್ರೊಬೇಷನ್ ಸಿಕ್ಕಿತು, ಅಂದರೆ ನಡತೆಯ ಷರತ್ತಿನ ಮೇಲೆ ಹೊರಗೇ ಬಿಟ್ಟರು. ಆ ಧೈರ್ಯಕ್ಕೆ ನನ್ನ ಗೌರವವಿದೆ. ಆದರೆ ಅವರು ಬೆಲೆ ಗೊತ್ತಿದ್ದೇ ಹೆಜ್ಜೆಯಿಟ್ಟರು. ನಿಮ್ಮ ಸಮಿತಿಯ ಹಿರಿಯರನ್ನು ಗೊತ್ತಿಲ್ಲದೆ ಅದಕ್ಕೆ ಒಡ್ಡಬೇಡಿ.

ಅವರು ನಿಜವಾಗಿ ಗಡಿ ದಾಟಿ ಬಂದವರಾದರೆ? ಕಷ್ಟದ ಮಾತಿದು. ಮಾಹಿತಿ ಕೊಟ್ಟರೆ ಬಂಧನ ಆಗಬಹುದು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ಇಲ್ಲಿಲ್ಲ. ಆದ್ದರಿಂದ ಪೊಲೀಸರಿಗೆ ಹೇಳುವ ದಿನವೇ ವಕೀಲರೂ ಜೊತೆಗಿರಲಿ. ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಕೂಲಿ ಕೊಡದೆ ದುಡಿಸಿಕೊಂಡ ಮೇಸ್ತ್ರಿಯ ಮೇಲಿನ ದೂರನ್ನೂ ಅಲ್ಲೇ ಬರೆಸಿ.