ಮನೆಗೆಲಸದ ನಡುವೆ ಕಥೆಗೆ ಬಿಡುವು

ಪ್ರಶ್ನೆ: ನಾನು ಶಿಕ್ಷಕಿ, ವಯಸ್ಸು ನಲವತ್ತು ದಾಟಿದೆ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ ಇದ್ದಾರೆ. ಪತಿಗೆ ಬೇರೆ ಊರಿನಲ್ಲಿ ಕೆಲಸ. ಕಥೆ ಬರೆಯಲು ಕುಳಿತಾಗಲೆಲ್ಲ ಮನೆಯವರಿಗೆ ಸಲ್ಲಬೇಕಾದ ಸಮಯವನ್ನು ಕಸಿದುಕೊಳ್ಳುತ್ತಿದ್ದೇನೆ ಎನಿಸುತ್ತದೆ. ಈಗ ಆರಂಭಿಸುವುದು ತಡವಾಯಿತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಅಳುಕನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಬೇಡಿ, ಮನೆಯವರೊಡನೆ ಬಾಯಿಬಿಟ್ಟು ಹೇಳಿ. ಬರೆಯುವ ಹೆಣ್ಣುಮಕ್ಕಳಿಗೆ ಎಷ್ಟೋ ಮನೆಗಳಲ್ಲಿ ಅಡ್ಡಿಯಾಗುವುದು ವಿರೋಧಕ್ಕಿಂತ ಹೆಚ್ಚಾಗಿ, ಆಕೆ ಕುಳಿತು ಮಾಡುತ್ತಿರುವುದೂ ಕೆಲಸವೇ ಎಂಬುದು ಯಾರಿಗೂ ತಿಳಿಯದಿರುವುದು. ನಸುಕಿನಲ್ಲೋ ಮಕ್ಕಳು ಮಲಗಿದ ಮೇಲೋ ಅರ್ಧ ಗಂಟೆಯನ್ನು ಗೊತ್ತುಮಾಡಿಕೊಂಡು ಎಲ್ಲರಿಗೂ ತಿಳಿಸಿ; ಪತಿ ಊರಿಗೆ ಬಂದ ದಿನಗಳಲ್ಲಿ ಅಡುಗೆಯನ್ನೂ ಮಕ್ಕಳ ಪಾಠವನ್ನೂ ಒಂದು ಹೊತ್ತಾದರೂ ವಹಿಸಿಕೊಳ್ಳುವಂತೆ ಅವರನ್ನು ಕೇಳಿ. ಹಾಗೆ ಕೇಳುವುದು ನಿಮ್ಮ ಹಕ್ಕೆಂದೇ ನಾನು ನಂಬಿದ್ದೇನೆ.

ದಿನವೂ ಪುಟ ತುಂಬಬೇಕೆಂಬ ನಿಯಮ ಬೇಡ. ಮಗುವಿಗೆ ಜ್ವರ ಬಂದ ವಾರ ಕಥೆ ನಿಂತರೆ ನಿಲ್ಲಲಿ. ಆದರೆ ಕಿವಿಗೆ ಬಿದ್ದ ಒಂದು ಮಾತನ್ನೋ ಮುಂದಿನ ಸನ್ನಿವೇಶದ ಮೊದಲ ವಾಕ್ಯವನ್ನೋ ಅಡುಗೆಮನೆಯಲ್ಲಿಟ್ಟ ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಮತ್ತೆ ಕುಳಿತಾಗ ಎಳೆ ಹುಡುಕುವುದರಲ್ಲೇ ಆ ಅರ್ಧ ಗಂಟೆ ಕಳೆದುಹೋಗುವುದಿಲ್ಲ.

ತಡವಂತೂ ಆಗಿಲ್ಲ. 1917ರಲ್ಲಿ ಜನಿಸಿ, ಎಳವೆಯಲ್ಲೇ ಮದುವೆಯಾಗಿ, ಶಾಲೆಯ ಓದನ್ನು ಅರ್ಧಕ್ಕೆ ಬಿಟ್ಟ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ. ಮಲೆನಾಡಿನ ಮನೆಗಳ ಬದುಕೇ ಅವರ ಬರಹಕ್ಕೆ ವಸ್ತುವಾಯಿತು. ನಿಮ್ಮ ಮನೆಯಲ್ಲೂ ಹಿರಿಯರೊಬ್ಬರಿದ್ದಾರೆ; ಬಿಡುವಾದಾಗ ಅತ್ತೆಯವರ ಬಾಲ್ಯದ ಬಗ್ಗೆ ಕೇಳಿ, ಬರೆದುದನ್ನು ಮೊದಲು ಅವರಿಗೇ ಓದಿ ಹೇಳಿ.