4 ವರ್ಷದ ಮಗಳು ಪೆನ್ಸಿಲ್ ಸರಿಯಾಗಿ ಹಿಡಿಯಲ್ಲ, ಬೆರಳಲ್ಲಿ ಶಕ್ತಿ ಇಲ್ಲ ಅಂತ ಮಿಸ್ಸು ಅಂದ್ರು. ಪೇಪರ್ ಕ್ರಾಫ್ಟ್ ಮಾಡಿಸಿದ್ರೆ ಬೆರಳಿಗೆ ಶಕ್ತಿ ಬರುತ್ತಾ? ಆನ್‌ಲೈನಲ್ಲಿ ಸಿಗೋ ಕ್ರಾಫ್ಟ್ ಕಿಟ್ ತರಿಸಲಾ?

ಖಂಡಿತ ಬರುತ್ತೆ. ಆದ್ರೆ ನೀವು ಕೇಳಿರೋ ಆ ಆನ್‌ಲೈನ್ ಕ್ರಾಫ್ಟ್ ಕಿಟ್ ಮಾತ್ರ ಬೇಡ. ಅದರಲ್ಲಿ ಎಲ್ಲಾ ಮೊದಲೇ ಕತ್ತರಿಸಿ ಇಟ್ಟಿರ್ತಾರೆ, ಮಗು ಸ್ಟಿಕ್ಕರ್ ಕಿತ್ತು ಅಂಟಿಸಿದ್ರೆ ಮುಗೀತು, ಬೆರಳು ಮಾಡಬೇಕಾದ ಕೆಲಸ ಎಲ್ಲಾ ಮಿಷಿನ್ನೇ ಮಾಡಿರುತ್ತೆ. ಮನೆಗೆ ಬರೋ ನ್ಯೂಸ್‌ಪೇಪರ್ರು, ಬೀರು ಮೇಲೆ ಬಿದ್ದಿರೋ ಹಳೇ ಮದುವೆ ಕಾರ್ಡು, ಇಷ್ಟಿದ್ರೆ ಸಾಕು ಕಣ್ರೀ.

ನಾನು ಮಂಡ್ಯದಲ್ಲಿ ನರ್ಸರಿ ಮಕ್ಕಳ ಜೊತೆಲೇ ಇರೋಳು, ಪೆನ್ಸಿಲ್ ಮುಷ್ಟಿಲಿ ಹಿಡಿಯೋ ಮಕ್ಕಳನ್ನ ಪ್ರತಿ ವರ್ಷ ನೋಡ್ತೀನಿ. ಮಿಸ್ಸು ಬೆರಳಲ್ಲಿ ಶಕ್ತಿ ಇಲ್ಲ ಅಂದ್ರು ಅಂತ ನೀವು ಅಷ್ಟೊಂದು ಗಾಬರಿ ಆಗಬೇಡಿ. ಮಣಿಕಟ್ಟಲ್ಲಿ 8 ಪುಟ್ಟ ಮೂಳೆ ಇರ್ತವಲ್ಲ, ಹುಟ್ಟಿದಾಗ ಅವು ಇನ್ನೂ ಮೆತ್ತಗಿನ ಮೃದ್ವಸ್ಥಿ, ಒಂದೊಂದಾಗಿ ಗಟ್ಟಿ ಆಗ್ತಾ ಬಂದು ಕೊನೇದು ಎಕ್ಸ್‌ರೇಲಿ ಕಾಣೋ ಹೊತ್ತಿಗೆ ಮಗುಗೆ 8 ವರ್ಷ ದಾಟಿರುತ್ತೆ, ಕೆಲವರಿಗೆ 12ರವರೆಗೂ ಹೋಗುತ್ತೆ. ಮೂರು ಬೆರಳಲ್ಲಿ ಪೆನ್ಸಿಲ್ ಹಿಡಿಯೋದು ಸಾಮಾನ್ಯವಾಗಿ 4ರಿಂದ 6 ವರ್ಷದ ಒಳಗೆ ಕೂರುತ್ತೆ. ಈಗಲೇ ಪೇಜುಗಟ್ಟಲೆ ಅಆಇಈ ತಿದ್ದಿಸಿದ್ರೆ ಕೈ ನೋವು ಬರುತ್ತೆ, ಬರೆಯೋದು ಅಂದ್ರೇನೇ ಓಡಿಹೋಗೋ ಹಂಗಾಗುತ್ತೆ.

ಶುರು ಮಾಡೋದು ಹರಿಯೋದ್ರಿಂದ. ಎಲ್ಲರೂ ನೇರ ಕತ್ತರಿ ಕೊಟ್ಟುಬಿಡ್ತಾರೆ, ಅದಕ್ಕಿಂತ ಮುಂಚೆ ಪೇಪರ್ ಹರಿಯೋದು ಚೆನ್ನಾಗಿ ಬರಬೇಕು. ಹರಿಯುವಾಗ ಎರಡು ಕೈಯಲ್ಲೂ ಹೆಬ್ಬೆರಳು ತೋರುಬೆರಳು ಸೇರಿಸಿ ಗಟ್ಟಿ ಹಿಡಿದು, ಒಂದು ಕೈ ತನ್ನ ಕಡೆಗೆ ಇನ್ನೊಂದು ಆಚೆ ಕಡೆಗೆ ಎಳೀಬೇಕು, ಪೆನ್ಸಿಲ್ಲಿಗೆ ಬೇಕಾಗಿರೋ ಬೆರಳುಗಳೂ ಅವೇ. ನ್ಯೂಸ್‌ಪೇಪರನ್ನ ಮೇಲಿಂದ ಕೆಳಕ್ಕೆ ಹರಿದ್ರೆ ನೆಟ್ಟಗೆ ಪಟ್ಟಿ ಬರುತ್ತೆ, ಅಡ್ಡ ಹರಿದ್ರೆ ಸೊಟ್ಟಸೊಟ್ಟ, ಯಾಕಂದ್ರೆ ಕಾಗದದ ನಾರು ಉದ್ದಕ್ಕೆ ಓಡಿರುತ್ತೆ. ಅದಕ್ಕೆ ಮೊದಲು ಉದ್ದುದ್ದ ಹರಿಸಿ, ಮಗುಗೂ ನಂಗೆ ಬಂತು ಅಂತ ಖುಷಿ. ಆ ಪಟ್ಟಿಗಳನ್ನೇ ಕಬ್ಬಿನ ಗರಿ ಮಾಡ್ಕೊಳಿ, ಇನ್ನೊಂದು ಹಾಳೆನ ಪೆನ್ಸಿಲ್ಲಿಗೆ ಬಿಗಿಯಾಗಿ ಸುತ್ತಿಸಿ ಪೆನ್ಸಿಲ್ ಎಳೆದ್ರೆ ಕಬ್ಬಿನ ಜಲ್ಲೆ, ನಾಕೈದು ಜಲ್ಲೆ ಸೇರಿಸಿ ದಾರ ಕಟ್ಟಿದ್ರೆ ಒಂದು ಹೊರೆ. ನಮ್ಮೂರ ಮಕ್ಕಳು ಎತ್ತಿನಗಾಡಿ, ಟ್ರ್ಯಾಕ್ಟರ್ ಲೋಡು ದಿನಾ ನೋಡಿರ್ತಾರೆ, ಇದನ್ನ ಹೇಳಿಕೊಡೋದೇ ಬೇಡ. ಆ ಸುತ್ತೋದು ಇದೆಯಲ್ಲ, ಎರಡೂ ಕೈಯ ಬೆರಳು ಒಟ್ಟಿಗೆ ಕೆಲಸ ಮಾಡೋದು ಅಲ್ಲೇ.

ಉಂಡೆ ಕಟ್ಟೋದೂ ಮಾಡಿಸಿ. ಅರ್ಧ ಹಾಳೆ ಕೊಟ್ಟು ಒಂದೇ ಕೈಲಿ ಮುದುರು ಅನ್ನಿ, ಹೊಟ್ಟೆಗೆ ಒತ್ಕೋಬಾರ್ದು, ಇನ್ನೊಂದು ಕೈ ತಾಗಬಾರ್ದು. ದೊಡ್ಡೋರ್ಗೂ ಅಂಗೈ ನೋವು ಬರುತ್ತೆ, ನೀವೂ ಮಾಡಿ ನೋಡಿ. ಆಮೇಲೆ ಬಣ್ಣದ ಪೇಪರಲ್ಲಿ ಕಡಲೆ ಗಾತ್ರದ ಉಂಡೆ ಬೆರಳ ತುದೀಲಿ ಮಾಡಿಸಿ ದಸರಾ ಆನೆ ಚಿತ್ರದೊಳಗೆ ಅಂಟಿಸಲಿ. ಆ ಚಿತ್ರನ ಟೇಬಲ್ ಮೇಲೆ ಇಡೋ ಬದ್ಲು ಗೋಡೆಗೆ ಅಂಟಿಸಿಬಿಡಿ, ನಿಂತ್ಕೊಂಡು ಗೋಡೆ ಮೇಲೆ ಕೆಲಸ ಮಾಡುವಾಗ ಮಣಿಕಟ್ಟು ತಾನಾಗೇ ಹಿಂದಕ್ಕೆ ಬಾಗುತ್ತೆ, ಬರೆಯೋಕೆ ಬೇಕಾಗಿರೋದು ಆ ಭಂಗಿನೇ. ಅಂಟಿಗೆ ಮೈದಾ ಬೇಯಿಸ್ಕೊಳಿ, ಹುಳ ಬರಬಾರ್ದು ಅಂತ ಅದಕ್ಕೆ ಮೈಲುತುತ್ತ ಹಾಕೋ ಅಭ್ಯಾಸ ಇದೆ, ಮಕ್ಕಳ ಅಂಟಿಗೆ ದಯವಿಟ್ಟು ಹಾಕಬೇಡಿ, ಅದು ವಿಷ. ನ್ಯೂಸ್‌ಪೇಪರ್ ಇಂಕು ಕೈಗೆ ಹತ್ತುತ್ತೆ, ತಿನ್ನೋ ಮುಂಚೆ ಕೈ ತೊಳೆಸಿ.

ನಂಗೆ ಎಲ್ಲಕ್ಕಿಂತ ಇಷ್ಟ ಪೊಟ್ಟಣ. ಸಂತೇಲಿ ಕಡ್ಲೇಪುರಿಯೋರು ಕಣ್ಣು ಮಿಟುಕಿಸೋದ್ರೊಳಗೆ ಕಟ್ತಿದ್ರಲ್ಲ, ಅದೇ. ಹಾಳೆ ಮೂಲೆ ಹಿಡಿದು ಮಣಿಕಟ್ಟು ತಿರುಗಿಸಿ, ಹೆಬ್ಬೆರಳು ಒಳಗೆ ಇಟ್ಟು ಬಿಗಿ ಮಾಡಿ, ತುದಿ ತಿರುಚಿ ಮಡಿಸೋದು, ಇಷ್ಟೆಲ್ಲಾ ಕೆಲಸ ಒಂದೇ ಆಟದಲ್ಲಿ ಸಿಗೋದು ಬೇರೆಲ್ಲೂ ನೋಡಿಲ್ಲ. 4 ವರ್ಷಕ್ಕೆ ಸಡಿಲ ಆಗುತ್ತೆ, ಬಿಚ್ಕೊಳುತ್ತೆ, ಆಗ್ಲಿ. ಬಿಳಿ ಹಾಳೇಲಿ ಕಟ್ಟಿಸಿ ಅದರೊಳಗೇ ಪುರಿ ಹಾಕಿಕೊಡಿ, ನಾಳೆ ತಾನೇ ಕೇಳ್ತಾಳೆ.

ಕತ್ತರಿ ಆಮೇಲೆ, ಮೊಂಡು ತುದಿದು. ಹೆಬ್ಬೆರಳು ಮೇಲಕ್ಕೆ ನೋಡ್ತಿರ್ಬೇಕು, ಮೊಣಕೈ ಪಕ್ಕೆಗೆ ಹತ್ರ ಇರ್ಬೇಕು. ತೆಳು ಪೇಪರ್ ಕೊಟ್ರೆ ಬಾಗಿ ಕತ್ತರಿಯೊಳಗೆ ಸಿಕ್ಕಾಕೊಳುತ್ತೆ, ಮದುವೆ ಕಾರ್ಡು ಗಟ್ಟಿ ಇರುತ್ತೆ ಅಂತ ಆಗ್ಲೇ ಹೇಳಿದ್ದು. ಕಾರ್ಡನ್ನ ಎರಡು ಬೆರಳಗಲ ಪಟ್ಟಿ ಮಾಡಿಕೊಟ್ರೆ ಒಂದು ಕಚಕ್‌ಗೆ ಒಂದು ತುಂಡು ಬೀಳುತ್ತೆ, ಅದಾದ್ಮೇಲೆ ನೇರ ಗೆರೆ, ವೃತ್ತ ಎಲ್ಲಾ ತುಂಬಾ ಆಮೇಲಿನ ಮಾತು. ಚಾಪೆ ಥರ ಪಟ್ಟಿ ಹೆಣೆಯೋದು 5ರ ಹತ್ರ ಬರುತ್ತೆ.

ಮನೇಲಿ ಅಜ್ಜಿತಾತ ಬರೆಯೋದು ಬಿಟ್ಟು ಪೇಪರ್ ಹರ್ಕೊಂಡು ಕೂತವ್ಳೆ ಅಂದ್ರೆ ಇದನ್ನ ಹೇಳಿ: 1837ರಲ್ಲಿ ಜರ್ಮನಿಲಿ ಫ್ರೋಬೆಲ್ ಅನ್ನೋ ಶಿಕ್ಷಣತಜ್ಞರು ಪುಟ್ಟ ಮಕ್ಕಳಿಗೆ ಅಂತ ಶಾಲೆ ತೆಗೆದ್ರು, ಕಿಂಡರ್‌ಗಾರ್ಟನ್ ಹುಟ್ಟಿದ್ದೇ ಅಲ್ಲಿಂದ, ಪೇಪರ್ ಮಡಿಸೋದು ಹೆಣೆಯೋದು ಅವರ ಪದ್ಧತೀಲಿ ಪಾಠನೇ. ನಮ್ಮ ದೇಶದ್ದೇ 2022ರ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದವರೆಗೆ ಆಟದ ಮೂಲಕವೇ ಕಲಿಸಿ ಅನ್ನುತ್ತೆ.

ಇನ್ನೊಂದು, ಅವಳು ಅಂಟಿಸಿದ್ದು ಸೊಟ್ಟ ಇದ್ರೆ ನೀವು ಸರಿ ಮಾಡೋಕೆ ಹೋಗಬೇಡಿ. ಸ್ಕೂಲ್ ಪ್ರಾಜೆಕ್ಟ್ ಅಂತ ಅಮ್ಮಂದಿರೇ ರಾತ್ರಿ ಕೂತು ಮಾಡಿ ಕಳಿಸೋದು ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ, ಆ ಮಗುಗೆ ಏನು ಸಿಕ್ತು ಹೇಳಿ.

ಇಷ್ಟೆಲ್ಲಾ ಕೆಲವು ತಿಂಗಳು ಮಾಡಿಸಿದ್ಮೇಲೂ ಚಮಚ ಹಿಡಿಯೋಕೆ, ದೊಡ್ಡ ಗುಂಡಿ ಬಿಚ್ಚೋಕೆ ಆಗ್ತಿಲ್ಲ, ಇಲ್ಲಾ ಒಂದು ಕೈನ ಬಳಸೋದೇ ಇಲ್ಲ ಅಂದ್ರೆ ಮಕ್ಕಳ ಡಾಕ್ಟ್ರಿಗೆ ತೋರಿಸಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ರೂಢಿ ಮಾಡಿಸೋ ಚಿಕಿತ್ಸೆ) ಬೇಕಾ ಅಂತ ಅವರೇ ಹೇಳ್ತಾರೆ. ಜೊತೆಗೆ ಮಾತೂ ತಡ ಇದ್ರೆ ಮೈಸೂರಿನ ಮಾನಸಗಂಗೋತ್ರೀಲಿ ವಾಕ್ ಶ್ರವಣ ಸಂಸ್ಥೆ ಇದೆ, ಕಾಯಬೇಡಿ. ಅಂದಹಾಗೆ ಅವಳು ಎಡಗೈ ಬಳಸ್ತಾಳಾ ಬಲಗೈ ಬಳಸ್ತಾಳಾ ಅಂತ ಬರೀರಿ, ಎಡಗೈ ಆದ್ರೆ ಮಾಮೂಲಿ ಕತ್ತರೀಲಿ ಕತ್ತರಿಸೋ ಗೆರೆನೇ ಕಾಣಲ್ಲ, ಎಡಗೈ ಕತ್ತರಿ ಬೇರೆ ಸಿಗುತ್ತೆ, ಅದನ್ನೇ ತರಬೇಕು.